ನದೀಮ ದೊಡ್ಡವನಾದ ದಿನ

“ನಾ ಕುಣದ್ರ ಕಸಬರಿಗಿ ಕುಣದಂಗ ಕಾಣತದೇನ?”

ಸುಧಾರಾಣಿ ತನ್ನ ಬ್ಯಾಗನ್ನು ಬೆಂಚಿನಿಂದ ಎಳೆದುಕೊಂಡಳು. ವಾಟರ್ ಬಾಟಲ್ ಕೆಳಗೆ ಬಿದ್ದು ಉರುಳಿತು. ಸಾಯಿರಾ ಎತ್ತಿಕೊಡಲು ಹೋದರೆ ಅದನ್ನೂ ಕಸಿದುಕೊಂಡಳು.

“ಯಾರ ಹೇಳಿದ್ರು ನಿನಗ?” ಎಂದಳು ಸಾಯಿರಾ.

“ಯಾರರೇ ಹೇಳ್ಯಾರ. ನೀ ಅಂದಿಯೋ ಇಲ್ಲೋ, ಅದನ್ನ ಹೇಳು.”

ಅಂದಿದ್ದಳು. ಇಲ್ಲ ಎನ್ನಲು ಬಾಯಿ ತೆರೆದಳು, ಸುಳ್ಳು ಹೊರಗೆ ಬರಲಿಲ್ಲ.

“ಸಾಲಿ ಗ್ಯಾದರಿಂಗನ್ಯಾಗ ನಿನ್ನ ಜೋಡಿ ನಾ ಕುಣಿಯಾಂಗಿಲ್ಲ. ನೀ ಒಬ್ಬಾಕೀನ ಕುಣಿ,” ಎಂದು ಸುಧಾರಾಣಿ ಹಿಂದಿನ ಬೆಂಚಿಗೆ ಹೋಗಿ ಕುಳಿತಳು.

ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೆ ಇಬ್ಬರದೂ ಒಂದೇ ಬೆಂಚು. ಈಗ ಪಕ್ಕದ ಜಾಗ ಖಾಲಿ. ಸಾಯಿರಾಳಿಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆ ಮಾತನ್ನು ಅವಳು ಹೇಳಿದ್ದು ಜಗತ್ತಿನಲ್ಲಿ ಒಬ್ಬನಿಗೆ ಮಾತ್ರ, ಅದೂ ಮನೆಯ ಕೋಣೆಯಲ್ಲಿ. ಅವನು ನದೀಮ, ಅವಳ ನಾಲ್ಕು ವರ್ಷದ ತಮ್ಮ.

ಮನೆಗೆ ಬಂದವಳೇ ನದೀಮನ ಕಿವಿ ಹಿಡಿದಳು. “ಸುಧಾರಾಣಿಗೆ ಏನ ಹೇಳ್ದಿ ಲೇ?”

“ನಾ ಏನೂ ಹೇಳಿಲ್ಲಾ!” ಎಂದು ನದೀಮ ಓಣಿಗೆಲ್ಲ ಕೇಳುವಂತೆ ಅಳತೊಡಗಿದ.

ಆಗ ಒಂದು ವಿಚಿತ್ರ ನಡೆಯಿತು. ಕೋಣೆಯೊಳಗೆ ಒಬ್ಬ ನದೀಮ ಅಳುತ್ತಿದ್ದರೆ, ಹಿತ್ತಲ ಶೆಡ್ಡಿನಲ್ಲಿ ಇನ್ನೊಬ್ಬ ನದೀಮ ಅಳುತ್ತಿದ್ದ. ಅದರ ಹಿಂದೆಯೇ ಹೆಂಗಸರು ಗೊಳ್ಳೆಂದು ನಕ್ಕದ್ದು ಕೇಳಿತು.

ಸಾಯಿರಾ ಶೆಲ್ಫಿನ ಕಡೆ ನೋಡಿದಳು. ಬಿಳಿ ಡಬ್ಬಿಯಲ್ಲಿ ಹಸಿರು ದೀಪ ಉರಿಯುತ್ತಿತ್ತು. ಬೇಬಿ ಮಾನಿಟರ್!

ನದೀಮ ಹುಟ್ಟಿದಾಗ ಉಮರ ಮಾಮು ಪುಣೆಯಿಂದ ತಂದುಕೊಟ್ಟಿದ್ದು. ಒಂದು ಡಬ್ಬಿ ತೊಟ್ಟಿಲ ಹತ್ತಿರ, ಇನ್ನೊಂದು ಅಮ್ಮಿಯ ಹತ್ತಿರ. ಕೂಸು ಇಲ್ಲಿ ಅತ್ತರೆ ಅಲ್ಲಿ ಕೇಳುತ್ತದೆ. ತೊಟ್ಟಿಲು ಯಾವಾಗಲೋ ಕಾಖಂಡಕಿಯ ಚಿಕ್ಕಮ್ಮನ ಮನೆಗೆ ಹೋಯಿತು. ಡಬ್ಬಿ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಸಾಯಿರಾ ಶೆಡ್ಡಿಗೆ ಓಡಿದಳು. ಅವಳ ಅಮ್ಮಿ ತಸ್ಲೀಮ ಅಲ್ಲಿ ಹೆಂಗಸರ ಜೊತೆ ಕುಳಿತು ಒಣದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದಳು. ನಡುವೆ ಡಬ್ಬ ಬೋರಲು ಹಾಕಿ, ಅದರ ಮೇಲೆ ಇನ್ನೊಂದು ಬಿಳಿ ಡಬ್ಬಿಯನ್ನು ಇಟ್ಟಿದ್ದರು.

“ಬಂದ್ಲು ನೋಡ್ರಿ ಕಸಬರಿಗಿ!” ಎಂದಳು ಮುರಿಗೆವ್ವಜ್ಜಿ. ಎಲ್ಲರೂ ಮತ್ತೆ ನಕ್ಕರು. ಸುಧಾರಾಣಿಯ ಅವ್ವ ವಿಜಯಲಕ್ಷ್ಮೀ ಮಾತ್ರ ತಲೆ ತಗ್ಗಿಸಿ, ಎಂದೂ ಇಲ್ಲದ ಶ್ರದ್ಧೆಯಿಂದ ಕಡ್ಡಿ ಆರಿಸತೊಡಗಿದಳು. ಮಾತು ಹೇಗೆ ಹೋಯಿತೆಂದು ಸಾಯಿರಾಳಿಗೆ ತಿಳಿಯಿತು.

“ಅಮ್ಮಿ, ಇದನ್ನ ಬಂದ್ ಮಾಡು.”

“ನದೀಮ ಇನ್ನಾ ಸಣ್ಣಾವ ಅದಾನ. ಬಿದ್ದು ಗಿದ್ದು ಮಾಡಿದ್ರ ಯಾರ ನೋಡಬೇಕು?”

“ಅಂವ ಪೇರಲ ಗಿಡಾ ಹತ್ತತಾನ!”

“ಅದಕ್ಕ ಮತ್ತ ಬೀಳೂದು.”

“ಹಂಗಾರ ಯಾವಾಗ ಬಂದ್ ಮಾಡ್ತಿ?”

“ಅಂಗಿ ಗುಂಡಿ ತಾನ ಹಾಕ್ಕೊಳ್ಳಲಿ, ನೋಡೂಣು.”

“ಹಾಕ್ಕೋತಾನ!”

“ಅಂವನ ಮದವಿ ಆಗಲಿ ತಗಿ ಬೇ,” ಎಂದು ಮುರಿಗೆವ್ವಜ್ಜಿ ಮುಗಿಸಿಬಿಟ್ಟಳು.

ಶೆಡ್ಡಿನಲ್ಲಿ ಟಿವಿ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಕಡ್ಡಿ ಆರಿಸುವವರಿಗೆ ಸಾಯಿರಾಳ ಕೋಣೆಯೇ ಸೀರಿಯಲ್. ಗಣಿತದಲ್ಲಿ ಅವಳಿಗೆ ಎಷ್ಟು ಮಾರ್ಕ್ಸ್ ಬಂತು, ಯಾವ ಟೀಚರನ್ನು ಹೇಗೆ ಅಣಕಿಸಿದಳು, ಎಲ್ಲವೂ ಅವರಿಗೆ ಗೊತ್ತು. ಕೇಳಿದರೆ, ಎಲ್ಲ ಮಗುವಿನ ಕಾಳಜಿಗಾಗಿ. ಭಾರೀ ಕಾಳಜಿ! ನದೀಮ ಅಷ್ಟು ಹೊತ್ತು ಅತ್ತರೂ ಅವರಲ್ಲಿ ಒಬ್ಬರೂ ಕುಳಿತ ಜಾಗದಿಂದ ಎದ್ದಿರಲಿಲ್ಲ.

ಮರುದಿನ ಭಾನುವಾರ. ಹೆಂಗಸರು ಊಟಕ್ಕೆ ಕೈತೊಳೆಯಲು ಹೋದಾಗ ಸಾಯಿರಾ ಡಬ್ಬಿಗಳನ್ನು ಅದಲುಬದಲು ಮಾಡಿದಳು. ಕಳಿಸುವ ಡಬ್ಬಿ ಶೆಡ್ಡಿಗೆ, ಕೇಳಿಸುವ ಡಬ್ಬಿ ಕೋಣೆಗೆ. ಎರಡೂ ನೋಡಲು ಒಂದೇ ಥರ. ಆಮೇಲೆ ನದೀಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಿವಿಯಿಟ್ಟಳು.

ಮೊದಲು ಬಂದದ್ದು ಮುರಿಗೆವ್ವಜ್ಜಿಯ ದನಿ. “ತಸ್ಲೀಮ ಹೊರಗ ಹೋದ್ಲೇನ? ಹೆಣಮಗಳು ಭಾಳ ಛಲೋ. ಆದ್ರ ಹಬ್ಬಕ್ಕ ಕೊಟ್ಟಿದ್ದ ಸುರಕುಂಬಾ ಪಾಯಸದಾಗ ಹಾಲ ಎಲ್ಲೈತಿ ಅಂತ ನಾ ಹುಡುಕೇ ಹುಡುಕಿದೆ!”

ಅಕ್ಕ ತಮ್ಮ ಇಬ್ಬರೂ ದಿಂಬಿನಲ್ಲಿ ಮುಖ ಹುದುಗಿಸಿ ನಕ್ಕರು.

ಸ್ವಲ್ಪ ಹೊತ್ತಿಗೆ ಅಮ್ಮಿಯ ದನಿ. “ಮುರಿಗೆವ್ವಕ್ಕ ನೀರಿಗೆ ಹೋದ್ಲೇನ? ಆಕಿ ಮಾತಾಡೂದಕ್ಕೂ ಪಗಾರ ಕೊಡಬೇಕಂದ್ರ ನಮ್ಮ ದ್ರಾಕ್ಷಿ ತ್ವಾಟಾ ಮಾರಬೇಕಾಗತದ.”

ನದೀಮ ನಕ್ಕೂ ನಕ್ಕೂ ಮಂಚದಿಂದ ಜಾರಿದ. ಈಗ ವಿಜಯಲಕ್ಷ್ಮೀ ಮಾತು ತೆಗೆದಳು.

“ನಮ್ಮ ಸುಧಾ ಹಗಲೆಲ್ಲಾ ಹುಲಿ ನೋಡ್ರಿ. ರಾತ್ರಿ ನನ್ನ ಸೆರಗ ಮುಷ್ಟ್ಯಾಗ ಇರಲಿಲ್ಲಂದ್ರ ಆಕಿಗೆ ನಿದ್ದೀನ ಹತ್ತಂಗಿಲ್ಲ.”

ಸಾಯಿರಾಳ ಕಣ್ಣು ಅರಳಿತು. ಸೋಮವಾರ ಕ್ಲಾಸಿನಲ್ಲಿ ಇದನ್ನು ಹೇಳಿದರೆ! ಹಿಂದಿನ ಬೆಂಚೇನು, ಸುಧಾರಾಣಿ ಶಾಲೆಗೇ ಬರಲಿಕ್ಕಿಲ್ಲ.

“ಆ ಕಸಬರಿಗಿ ಮಾತ ನಾ ಆಕಿಗೆ ಹೇಳಬಾರದಿತ್ತರಿ,” ವಿಜಯಲಕ್ಷ್ಮೀ ಮುಂದುವರಿಸಿದಳು. “ನಗಿ ಬಂತು, ಹೇಳಿಬಿಟ್ಟೆ. ನಿನ್ನಿ ಬಾಗಲಾ ಹಾಕ್ಕೊಂಡು ಕನ್ನಡಿ ಮುಂದ ಕುಣೀತಿದ್ಲು. ಕುಣಿಯೂದು, ಅಳೂದು. ಕುಣಿಯೂದು, ಅಳೂದು.”

ಡಬ್ಬಿಯಲ್ಲಿ ಯಾರೂ ನಗಲಿಲ್ಲ. ಸಾಯಿರಾಳೂ ನಗಲಿಲ್ಲ. ಬಾಗಿಲು ಹಾಕಿಕೊಂಡು ಅಳುವ ಗೆಳತಿಯ ಕೋಣೆಗೆ ತಾನೇ ನುಗ್ಗಿದಂತೆ ಅವಳಿಗೆ ನಾಚಿಕೆಯಾಯಿತು. ಕೈಚಾಚಿ ಬಟನ್ ಒತ್ತಿದಳು. ಹಸಿರು ದೀಪ ಆರಿತು.

ಅಷ್ಟರಲ್ಲಿ ನದೀಮ ಪಕ್ಕದಲ್ಲಿ ಇರಲಿಲ್ಲ. ಶೆಡ್ಡಿನಿಂದ ಅವನ ದನಿ, ಯಾವ ಡಬ್ಬಿಯೂ ಇಲ್ಲದೆ, ಖಣಖಣ ಕೇಳಿತು.

“ಮುರಿಗೆವ್ವಜ್ಜಿ, ನಮ್ಮ ಅಮ್ಮೀ ಸುರಕುಂಬಾದಾಗ ಹಾಲ ಸಿಕ್ತೇನು?”

ಅಮ್ಮಿ ಬಿಳಿ ಡಬ್ಬಿಯನ್ನು ಎತ್ತಿ ತಿರುಗಿಸಿ ನೋಡಿದಳು. ಆಮೇಲೆ ಎಲ್ಲರೂ ಒಟ್ಟಿಗೇ ಕೂಗಾಡಿದರು. ಸಾಯಿರಾ ಬಾಗಿಲಿಗೆ ಬಂದಾಗ ಅಮ್ಮಿಯ ಮುಖ ಕೆಂಪಾಗಿತ್ತು.

“ದೊಡ್ಡವರ ಮಾತ ಕಳ್ಳತನಲೇ ಕೇಳತೀರೇನ? ನಾಚಿಕಿ ಬರಂಗಿಲ್ಲ?”

“ಕಳ್ಳತನ ಯಾಕ ಅಮ್ಮಿ?” ಎಂದಳು ಸಾಯಿರಾ. “ನೀವು ಬಿದ್ದು ಗಿದ್ದು ಮಾಡಿದ್ರ ಯಾರ ನೋಡಬೇಕಂತ ಇಟ್ಟಿದ್ದೆ.”

ವಿಜಯಲಕ್ಷ್ಮೀ ಮತ್ತೆ ಕಡ್ಡಿ ಆರಿಸತೊಡಗಿದಳು. ಕೊನೆಗೆ ಮುರಿಗೆವ್ವಜ್ಜಿಯೇ ಗಂಟಲು ಸರಿಮಾಡಿಕೊಂಡಳು. “ತಸ್ಲೀಮ, ಹುಡುಗ ದೊಡ್ಡಾವ ಆಗ್ಯಾನ ಬಿಡವಾ. ಇನ್ನ ಯಾಕ ಬೇಕು ಇದು?”

“ಹೌದ ಹೌದು, ಭಾಳ ದೊಡ್ಡಾವ ಆಗ್ಯಾನ,” ಎಂದು ಎಲ್ಲರೂ ದನಿಗೂಡಿಸಿದರು.

ಊಟದ ಹೊತ್ತಿಗೆ ಸಣ್ಣವನಿದ್ದ ನದೀಮ ಚಹಾದ ಹೊತ್ತಿಗೆ ದೊಡ್ಡವನಾಗಿಬಿಟ್ಟಿದ್ದ. ಅವನ ಮದುವೆಯ ತನಕ ಕಾಯಬೇಕೆಂದು ಯಾರೂ ಅನ್ನಲಿಲ್ಲ. ಅಮ್ಮಿ ಎರಡೂ ಡಬ್ಬಿಗಳನ್ನು ತಾನೇ ಕಟ್ಟಿ ಕಪಾಟಿನ ಮೇಲೆ ಎಸೆದಳು.

ಸಂಜೆ ಗೇಟಿನ ಹತ್ತಿರ ಸುಧಾರಾಣಿ ನಿಂತಿದ್ದಳು. ಅವ್ವ ಮನೆಗೆ ಹೋಗಿ ಡಬ್ಬಿಯ ಕತೆಯನ್ನು ಹೇಳಿರಬೇಕು. ಅವಳ ಮುಷ್ಟಿಯಲ್ಲಿ ಫ್ರಾಕಿನ ಅಂಚು ಮುದುಡಿತ್ತು.

“ನಮ್ಮವ್ವ ನನ್ನ ಬಗ್ಗೆ ಏನರೇ ಅಂದ್ಲೇನ?”

ಸಾಯಿರಾ ಆ ಮುಷ್ಟಿಯನ್ನು ನೋಡಿದಳು. “ಯಾರಿಗ್ಗೊತ್ತು? ಡಬ್ಬಿ ಬರೇ ಗರ್ರ್ ಅಂತಿತ್ತು.”

“ಖರೇನ?”

“ಖರೇನ. ಕಸಬರಿಗಿ ಅಂದದ್ದು ನಾನ, ಸುಧಾ. ತಪ್ಪಾತು. ಒಳಗ ಬಾ, ಪ್ರಾಕ್ಟೀಸ್ ಮಾಡೂಣು.”

ಸುಧಾರಾಣಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಫ್ರಾಕಿನ ಅಂಚನ್ನು ಇನ್ನೂ ಬಿಟ್ಟಿರಲಿಲ್ಲ. ಮಂಚದ ಮೇಲೆ ಕುಳಿತಿದ್ದ ನದೀಮನ ಮುಖ ಅರಳಿತು.

“ಸುಧಾಕ್ಕಾ, ನೀ ರಾತ್ರಿ ನಿಮ್ಮವ್ವನ ಸೆ—”

ಸಾಯಿರಾ ತಟ್ಟೆಯಲ್ಲಿದ್ದ ಒಣದ್ರಾಕ್ಷಿಯನ್ನು ಎತ್ತಿ ಅವನ ಬಾಯಿಗೆ ತುರುಕಿದಳು.

“ಏನಂದಾ ಅಂವ?” ಎಂದಳು ಸುಧಾರಾಣಿ.

“ಏನಿಲ್ಲ ತಗೋ. ಇನ್ನಾ ಸಣ್ಣಾವ ಅದಾನ,” ಎನ್ನುತ್ತ ಸಾಯಿರಾ ಎದ್ದು ಹೋಗಿ, ಶೆಡ್ಡಿನ ಕಡೆಯ ಕಿಟಕಿಯನ್ನು ಮುಚ್ಚಿದಳು.