ಯಾರೂ ಎತ್ತದ ಫೋರ್ಕ್

ಏಳನೇ ಮೇಜಿನ ಗಿರಾಕಿಯ ಪ್ರಾಣ ಹೋಗಿ ಅರ್ಧ ಗಂಟೆಯಾಗಿತ್ತು. ಅಷ್ಟು ಹೊತ್ತೂ ಸುತ್ತಲಿನ ಮೇಜುಗಳಲ್ಲಿ ಊಟ ಸಾಂಗವಾಗಿ ನಡೆದಿತ್ತು.

ಅವರು ಕಣ್ಣು ಮುಚ್ಚಿ, ತಲೆ ತಗ್ಗಿಸಿ, ಒಂದು ಕೈಯನ್ನು ಮೇಜಿನ ಅಂಚಿಗಿಟ್ಟು ಕೂತಿದ್ದರು. ರುಚಿಯನ್ನು ತೂಗಿ ನೋಡುತ್ತಿದ್ದಾರೆಂದು ಎಲ್ಲರೂ ಅಂದುಕೊಂಡರು. ಹತ್ತಿರ ಹೋಗಲು ಯಾರಿಗೂ ಧೈರ್ಯವಿರಲಿಲ್ಲ. ಮಹಡಿಯ ಮೇಲಿನ ಕೋಣೆಯಲ್ಲಿ ಇನ್ನೊಂದು ಗುಂಪಿಗೆ ಬಡಿಸಿ ಇಳಿದುಬಂದ ನೊಯೆಮಿ ಎಂಬ ಹುಡುಗಿ ಅವರ ಭುಜ ಮುಟ್ಟಿ ಕರೆದಳು. ಅವರು ಹಾಗೇ ಗೋಡೆಯ ಕಡೆಗೆ ವಾಲಿದರು.

ಆ ಮಧ್ಯಾಹ್ನ ನಮ್ಮೂರು ತೊರಿನೊದಲ್ಲಿ ಎದುರಿಗಿದ್ದವರ ಮೂಗು ಕಾಣದಷ್ಟು ಮಂಜು. ಕಾರು ಓಡಿಸುತ್ತಿದ್ದವನು ನಾನು, ಸಬ್ ಇನ್ಸ್‌ಪೆಕ್ಟರ್ ಗ್ರಿಬೌದೊ. ಪಕ್ಕದಲ್ಲಿ ನಮ್ಮ ಅಧಿಕಾರಿ ಒರ್ನೆಲ್ಲಾ ಪೆಯ್ರೋನ್ ಕಾಗದದಲ್ಲಿ ಸುತ್ತಿದ ಬ್ರೆಡ್ಡು ತಿನ್ನುತ್ತಿದ್ದರು. ಅವರು ಹೋಟೆಲಿನಲ್ಲಿ ಕೂತು ಊಟ ಮಾಡಿದ್ದನ್ನು ನಾನು ಕಂಡಿಲ್ಲ. ಒಂಟಿ ಹೆಂಗಸಿಗೆ ಕಕ್ಕಸಿನ ಬಾಗಿಲ ಪಕ್ಕದ ಮೇಜೇ ಗತಿ, ಅದಕ್ಕಿಂತ ಕಾರೇ ವಾಸಿ ಎನ್ನುತ್ತಾರೆ. ನನಗೂ ಮನೆಯಲ್ಲಿ ಕಾಯುವವರು ಯಾರೂ ಇಲ್ಲ. ಆದರೆ ನಾನು ಅದನ್ನು ಹೇಳಿಕೊಂಡು ತಿರುಗುವುದಿಲ್ಲ.

ಕೋರ್ತೆ ಬ್ರುನಾ ನಮ್ಮೂರಿನ ದೊಡ್ಡವರ ಊಟದ ಮನೆ. ಬೆಳ್ಳಿಯ ಬಟ್ಟಲು, ಬಿಳಿ ಕೋಟಿನ ಹುಡುಗರು, ಬಾಗಿಲಲ್ಲಿ ಒಂದು ನಕ್ಷತ್ರದ ಫಲಕ. ಮಾಲೀಕ ಲುದೊವಿಕೊ ಆಕ್ತಿಸ್‌ನೇ ಅಲ್ಲಿಯ ಅಡುಗೆಯವನು. ಟೊಪ್ಪಿಯನ್ನು ಹಿಸುಕುತ್ತ ಅಳುತ್ತಿದ್ದ. ಸತ್ತವರಿಗಾಗಿ ಅಲ್ಲ.

"ಎರಡನೇ ನಕ್ಷತ್ರ ಹೋಯ್ತು ಮೇಡಂ," ಅಂದ. "ಪರೀಕ್ಷಕರು ನನ್ನ ಮಾಂಸದ ತಟ್ಟೆ ಮುಂದೇನೇ ಹೋಗ್ಬಿಟ್ರು. ಇನ್ನು ನಮಗೆ ಯಾರು ಕೊಡ್ತಾರೆ?"

ವಿಷಯ ಇಷ್ಟು. ರುಚಿ ನೋಡಿ ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಾರ್ಗದರ್ಶಿ ಪುಸ್ತಕದವರು ಗುಪ್ತ ಪರೀಕ್ಷಕರನ್ನು ಕಳಿಸುತ್ತಾರೆ. ಆ ಪರೀಕ್ಷಕ ಒಂಟಿಯಾಗಿ ಬರುತ್ತಾನೆ, ಅರ್ಧ ಬಾಟಲಿ ವೈನ್ ಕೇಳುತ್ತಾನೆ, ತಟ್ಟೆಯ ತಳ ಎತ್ತಿ ನೋಡುತ್ತಾನೆ. ಬೇಕೆಂದೇ ಫೋರ್ಕ್ ಬೀಳಿಸಿ, ಹೊಸದು ಎಷ್ಟು ಬೇಗ ಬರುತ್ತದೆಂದು ಕಾಯುತ್ತಾನೆ. ಬಿಟ್ಟಿ ಕೊಟ್ಟರೆ ಒಂದು ಆಲಿವ್ ಕಾಯಿಯನ್ನೂ ಮುಟ್ಟುವುದಿಲ್ಲ. ನಿಜವೋ ಸುಳ್ಳೋ, ಹೋಟೆಲಿನವರೆಲ್ಲ ನಂಬಿಕೊಂಡು ಬಂದ ಲಕ್ಷಣಗಳು ಇವು. ಏಳನೇ ಮೇಜಿನ ಮುದುಕರು ಎರಡು ವರ್ಷದಿಂದ ತಿಂಗಳಿಗೊಂದು ಗುರುವಾರ ಬಂದು ಇಷ್ಟನ್ನೂ ಚಾಚೂ ತಪ್ಪದೆ ಮಾಡುತ್ತಿದ್ದರು.

ಅವರನ್ನು ಮೊದಲು ಗುರುತಿಸಿದವನು ಹೆಡ್ ವೇಟರ್ ಸೆವೆರಿನೊ ಬಲೊಕ್ಕೊ. ಆ ಹಾಲಿನಲ್ಲಿ ಕಪ್ಪು ಕೋಟು ಅವನೊಬ್ಬನಿಗೇ. ಇಸ್ತ್ರಿ ಹಾಕಿದಂಥ ಮುಖ, ನಿದ್ದೆಗೆಟ್ಟು ಕೆಂಪಾದ ಕಣ್ಣು. ಪರೀಕ್ಷಕರನ್ನು ವಾಸನೆಯಲ್ಲೇ ಹಿಡಿಯುತ್ತಾನೆಂದು ಊರಿನ ಹೋಟೆಲುಗಳಲ್ಲೆಲ್ಲ ಅವನ ಹೆಸರು. ಆ ಮೂಗನ್ನು ನಂಬಿಯೇ ಮಾಲೀಕ ಹೊಸ ವರ್ಷಕ್ಕೆ ಅವನನ್ನು ಪಾಲುದಾರ ಮಾಡಿಕೊಳ್ಳುವವನಿದ್ದ. ಇವತ್ತು ಪರೀಕ್ಷಕರ ಕೋಟು ಇಸಿದುಕೊಂಡಿದ್ದಷ್ಟೇ ತಾನು, ಬಡಿಸಿದ್ದೆಲ್ಲ ನೊಯೆಮಿ ಎಂದು ಸೆವೆರಿನೊ ಹೇಳಿದ.

ಒರ್ನೆಲ್ಲಾ ಮೊಣಕಾಲೂರಿ ಮೇಜಿನ ಕೆಳಗೆ ನೋಡಿದರು. ಕಲ್ಲಿನ ನೆಲದ ಮೇಲೆ ಒಂದು ಫೋರ್ಕ್ ಬಿದ್ದಿತ್ತು. ಅದರ ಮೊನೆಗೆ ಮಾಂಸದ ರಸ ಒಣಗಿ ಅಂಟಿತ್ತು.

ಪಕ್ಕದ ಮೇಜಿನ ಹೆಂಗಸು ಅದು ಬಿದ್ದ ಸದ್ದು ಕೇಳಿದ್ದಳು. ಗಂಟೆ ಹೊಡೆದ ಹಾಗೆ ಆಯಿತಂತೆ. ಕಂಬದ ಪಕ್ಕದಲ್ಲಿ ಒಬ್ಬರು ನಿಂತಿದ್ದರು, ಆದರೂ ಎತ್ತಲು ಬರಲಿಲ್ಲ, ಇಂಥ ಕಡೆ ಹೀಗಾದರೆ ಹೇಗೆ ಎಂದು ದೂರಿದಳು. ಹೆಣದ ಪಕ್ಕ ನಿಂತು ಫೋರ್ಕಿನ ಚಾಡಿ ಹೇಳುತ್ತಾಳಲ್ಲ ಎಂದು ನನಗೆ ರೇಗಿತು. ಒರ್ನೆಲ್ಲಾ ಮಾತ್ರ ಆ ಮಾತನ್ನು ಎರಡು ಸಲ ಹೇಳಿಸಿಕೊಂಡರು.

* * *

ಪುಸ್ತಕದ ಕಚೇರಿಯವರು ಫೋಟೋ ನೋಡಿ ತಲೆಯಾಡಿಸಿದರು. ಇವರು ನಮ್ಮವರಲ್ಲ, ಯಾವತ್ತೂ ಆಗಿರಲಿಲ್ಲ.

ಹೆಸರು ಎರ್ಮಿನಿಯೊ ಬೊಗ್ಗಿಯೊ. ನಿವೃತ್ತ ಲಿಫ್ಟ್ ಮೆಕ್ಯಾನಿಕ್. ಊರಿನ ಉತ್ತರ ತುದಿಯಲ್ಲಿ, ಕಾರ್ಖಾನೆಯವರ ಹಳೇ ಕಟ್ಟಡದಲ್ಲಿ ಒಂದೇ ಕೋಣೆ. ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿ. ಬಾಗಿಲ ಹಿಂದೆ ಖಾಲಿ ಹ್ಯಾಂಗರ್. ಅವರಿಗಿದ್ದ ಒಂದೇ ಒಳ್ಳೆಯ ಸೂಟು ಅವರ ಮೈಮೇಲೇ ಇತ್ತು.

ಎದುರು ಮನೆಯ ಮುದುಕಿ ಕರೆಯದೇ ಬಂದು ಬಾಗಿಲಲ್ಲಿ ನಿಂತಳು. ಹೆಂಡತಿ ತೀರಿಕೊಂಡ ಮೇಲೆ ಎರ್ಮಿನಿಯೊ ಬಾಯಿ ಬಿಡುವುದೇ ಅಪರೂಪವಾಗಿತ್ತಂತೆ. ತಿಂಗಳಿಡೀ ಗಂಜಿಯಂಥ ಸೂಪು ಕುಡಿದು, ಒಂದು ಗುರುವಾರ ಮಾತ್ರ ಗಡ್ಡ ಹೆರೆದು ಸೂಟು ಹಾಕಿ ಎಲ್ಲಿಗೋ ಹೋಗುತ್ತಿದ್ದರಂತೆ.

"ಯಾವಳೋ ಇದಾಳೆ ಅಂತ ನಾವು ರೇಗಿಸ್ತಿದ್ವಿ," ಅಂದಳು. "ಇಲ್ಲ ಕಣಮ್ಮ, ಅಲ್ಲಿ ನಾನು ಬಂದ್ರೆ ಎಲ್ಲರೂ ಎದ್ದು ನಿಲ್ತಾರೆ ಅನ್ನೋರು."

ಈಚೆಗೆ ಬಹಳ ಉಬ್ಬಿದ್ದರು ಎಂದೂ ಹೇಳಿದಳು. ನದಿಯಾಚೆಯ ಗುಡ್ಡದ ಮೇಲೆ ಒಂದು ಹಳೇ ಕಟ್ಟಡದಲ್ಲಿ ಯಾರೋ ಲಿಫ್ಟಿನೊಳಗೆ ಸಿಕ್ಕಿಕೊಂಡಿದ್ದರಂತೆ. ಕಂಪನಿಯ ಹೊಸ ಹುಡುಗರಿಗೆ ಬಾಗಿಲು ತೆಗೆಯಲು ಬರದೆ, ಇವರನ್ನು ಮನೆಯಿಂದ ಕರೆದುಕೊಂಡು ಹೋದರಂತೆ.

ಒರ್ನೆಲ್ಲಾ ಆ ಒಂದೇ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ. ನಾನು ಕಿಟಕಿಯ ಹೊರಗಿನ ಮಂಜು ನೋಡುತ್ತ ನಿಂತೆ. ಆ ಕೋಣೆ ಥೇಟ್ ನನ್ನ ಮನೆಯ ಹಾಗೇ ಇತ್ತು. ನನಗೆ ಅಲ್ಲಿಂದ ಯಾವಾಗ ಹೊರಬೀಳುತ್ತೇನೋ ಅನ್ನಿಸಿಬಿಟ್ಟಿತ್ತು.

* * *

ವೈದ್ಯರ ವರದಿ ಬಂತು. ಯಾರೋ ನಿದ್ದೆ ಔಷಧಿಯ ಹನಿಗಳನ್ನು ಧಾರಾಳವಾಗಿ ಹಾಕಿದ್ದರು. ಅದು ಮುದುಕರ ಹೃದಯದ ಮಾತ್ರೆಯ ಜೊತೆ ಸೇರಿ ಉಸಿರು ನಿಲ್ಲಿಸಿತ್ತು. ಹನಿಗಳು ಹೋಗಿದ್ದು ಊಟಕ್ಕೆ ಮೊದಲು ಕುಡಿಯುವ ವರ್ಮೂತ್ ಮದ್ಯದಲ್ಲಿ. ಅದರ ಕಹಿಯಲ್ಲಿ ಯಾವ ಕಹಿಯೂ ಅಡಗುತ್ತದೆ.

ಆದರೆ ಬೊಗ್ಗಿಯೊ ವರ್ಮೂತ್ ಕೇಳಿರಲಿಲ್ಲ. ಅವರ ಬಿಲ್ಲಿಗೂ ಅದು ಸೇರಿರಲಿಲ್ಲ. ಅಂದರೆ ಯಾರೋ ಬಿಟ್ಟಿ ಕೊಟ್ಟಿದ್ದರು. ಎರಡು ವರ್ಷ ಒಂದು ಆಲಿವ್ ಕಾಯಿ ಮುಟ್ಟದವರು ಅದನ್ನು ಯಾಕೆ ಕುಡಿದರು?

"ಪರೀಕ್ಷಕನ ವೇಷ ಹಾಕಬೇಕಾಗಿಲ್ಲದವರ ಮುಂದೆ ಕುಡಿದಿರ್ತಾರೆ," ಅಂದರು ಒರ್ನೆಲ್ಲಾ. "ಕೊಟ್ಟವರಿಗೆ ಗುಟ್ಟು ಗೊತ್ತಿತ್ತು, ಗೊತ್ತಿದೆ ಅನ್ನೋದು ಇವರಿಗೂ ಗೊತ್ತಿತ್ತು."

ನೊಯೆಮಿಯನ್ನು ಕರೆಸಿದೆವು. ದಕ್ಷಿಣದ ಕಲಾಬ್ರಿಯಾದ ಹುಡುಗಿ. ನಮ್ಮೂರಿನಲ್ಲಿ ಅವಳಿಗೆ ನೆಂಟರಿಷ್ಟರು ಯಾರೂ ಇಲ್ಲ. ಮೊದಲು ಏನೂ ಗೊತ್ತಿಲ್ಲ ಅಂದಳು. ವರ್ಮೂತ್ ಲೋಟ ಎಲ್ಲಿ ಎಂದಾಗ, ಬ್ರೆಡ್ಡು ಇಡಲು ಹೋದಾಗ ಮೇಜಿನ ಮೇಲೆ ಖಾಲಿ ಲೋಟವಿತ್ತು, ತಾನೇ ಒಯ್ದು ತೊಳೆಯಲು ಹಾಕಿದೆ ಅಂದಳು. ಅವರು ಪರೀಕ್ಷಕರಲ್ಲ ಎಂದು ನಿನಗೆ ಗೊತ್ತಿತ್ತಾ ಎಂದಾಗ ಅಳು ಕಿತ್ತುಕೊಂಡು ಬಂತು.

ಗೊತ್ತಿತ್ತು. ಕಳೆದ ಚಳಿಗಾಲದಲ್ಲಿ ಸಂತೆ ಎತ್ತುವ ಹೊತ್ತಿಗೆ, ಕೊಳೆತ ಸೇಬಿನ ರಾಶಿಯಲ್ಲಿ ಒಳ್ಳೆಯದನ್ನು ಆರಿಸುತ್ತಿದ್ದ ಅವರನ್ನು ಕಂಡಿದ್ದಳು. ಯಾರಿಗೂ ಹೇಳಬೇಡವೆಂದು ಅವರು ಕೈಮುಗಿದಿದ್ದರು. ಸತ್ತ ಮೇಲೂ ಅವರ ಮಾನ ಕಳೆಯಬಾರದೆಂದು ಇಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ.

ನನ್ನ ಲೆಕ್ಕ ಮುಗಿಯಿತು. ಗುಟ್ಟು ಗೊತ್ತಿದ್ದವಳು ಇವಳೊಬ್ಬಳೇ, ಬಡಿಸಿದವಳು ಇವಳೇ, ಲೋಟ ತೊಳೆಸಿದವಳೂ ಇವಳೇ. ಸಂಜೆಯೊಳಗೆ ಬಂಧಿಸಿ ಎಂದು ಮೇಲಿನಿಂದ ಫೋನೂ ಬಂತು. ನಾನು ಕಾಗದಪತ್ರ ಸಿದ್ಧ ಮಾಡಲು ಎದ್ದೆ. ಹುಡುಗಿ ನನ್ನ ಕೈಯನ್ನೇ ನೋಡುತ್ತಿದ್ದಳು.

"ಗುರುವಾರ ಅವರು ನಿನ್ನ ಹತ್ರ ಏನಾದ್ರೂ ಮಾತಾಡಿದ್ರಾ?" ಒರ್ನೆಲ್ಲಾ ಕೇಳಿದರು.

"ಖುಷಿಯಾಗಿದ್ರು ಮೇಡಂ. ಕಣ್ಣಲ್ಲಿ ನೀರಿತ್ತು. ಇನ್ಮೇಲೆ ಫೋರ್ಕ್ ಬೀಳಿಸೋ ಕೆಲಸ ಇಲ್ಲ ಮಗಳೇ ಅಂದ್ರು. ನಂಗೆ ಅರ್ಥ ಆಗ್ಲಿಲ್ಲ. ಕೇಳೋಣ ಅಂದ್ರೆ, ಮಾಂಸದ ತಟ್ಟೆ ಇಡ್ತಿದ್ದ ಹಾಗೇ ಸೆವೆರಿನೊ ಅವರು ಮೇಲಿನ ಕೋಣೆಗೆ ಹೋಗು ಅಂತ ಕಳಿಸಿಬಿಟ್ರು."

ಒರ್ನೆಲ್ಲಾ ನನ್ನ ಕೈಯಿಂದ ಕಾಗದ ಇಸಿದುಕೊಂಡು ಮಡಿಸಿ ಜೇಬಿಗಿಟ್ಟರು. "ಸೋಮವಾರದವರೆಗೆ ಕಾಯೋಣ ಗ್ರಿಬೌದೊ," ಅಂದರು. ಮೇಲಿನವರಿಗೆ ಏನು ಹೇಳಲಿ ಎಂದೆ. ನನ್ನ ಹೆಸರು ಹೇಳಿ ಅಂದರು.

* * *

ಸೋಮವಾರ ಹೋಟೆಲಿಗೆ ರಜೆ. ಎಲ್ಲರನ್ನೂ ಹಾಲಿನಲ್ಲಿ ಅವರವರು ಗುರುವಾರ ನಿಂತಿದ್ದ ಜಾಗದಲ್ಲಿ ನಿಲ್ಲಿಸಿದ್ದೆವು. ನೊಯೆಮಿ ಮೆಟ್ಟಿಲ ಬಳಿ. ಮಾಲೀಕ ಅಡುಗೆಮನೆಯ ಬಾಗಿಲಲ್ಲಿ. ಸೆವೆರಿನೊ ಕಂಬದ ಪಕ್ಕದಲ್ಲಿ.

ಒರ್ನೆಲ್ಲಾ ಏಳನೇ ಮೇಜಿಗೆ ಹೋಗಿ ಒಬ್ಬರೇ ಕೂತರು. ಮುಂದಿದ್ದ ಫೋರ್ಕನ್ನು ತೆಗೆದು ಕೈಬಿಟ್ಟರು.

ಕಲ್ಲಿನ ಮೇಲೆ ಅದು ಟಣ್ಣೆಂದಿತು. ನೊಯೆಮಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಸೆವೆರಿನೊ ಮೇಜಿನ ಬಳಿ ಬಾಗಿದ್ದ. ಕೈಯಲ್ಲಿ ಮಡಿಸಿದ ಬಿಳಿ ಬಟ್ಟೆ, ಅದರ ಮೇಲೆ ಹೊಸ ಫೋರ್ಕ್. ಎಲ್ಲಿಂದ ತಂದನೋ ನನಗೆ ಕಾಣಲೇ ಇಲ್ಲ.

"ನಾನು ಬರೀ ಪೊಲೀಸು," ಅಂದರು ಒರ್ನೆಲ್ಲಾ. "ನಕ್ಷತ್ರ ಕೊಡೋಳಲ್ಲ. ಆದ್ರೂ ಬಂದ್ರಿ."

"ಅಭ್ಯಾಸ ಮೇಡಂ. ಕಾಲು ತಾನಾಗೇ ಬರುತ್ತೆ."

"ಗುರುವಾರ ಆ ಕಾಲಿಗೆ ಏನಾಗಿತ್ತು?"

ಸೆವೆರಿನೊ ನೆಟ್ಟಗೆ ನಿಂತ.

ಒರ್ನೆಲ್ಲಾ ನಿಧಾನವಾಗಿ ಬಿಡಿಸಿ ಹೇಳಿದರು. ಗುರುವಾರ ಫೋರ್ಕ್ ಬಿದ್ದ ಸದ್ದು ಪಕ್ಕದ ಮೇಜಿಗೆ ಕೇಳಿತ್ತು. ಕಂಬದ ಪಕ್ಕ ಒಬ್ಬರು ನಿಂತಿದ್ದರು. ಆ ಹೆಂಗಸನ್ನು ಮತ್ತೆ ಹೋಗಿ ಕೇಳಿದಾಗ, ಕಪ್ಪು ಕೋಟು ಅಂದಿದ್ದಳು. ಮುದುಕರನ್ನು ಪರೀಕ್ಷಕರೆಂದು ನಂಬಿದವನು ಆ ಸದ್ದಿಗೆ ಎದ್ದೆನೋ ಬಿದ್ದೆನೋ ಎಂದು ಓಡಬೇಕು. ಸೆವೆರಿನೊ ಕದಲಲಿಲ್ಲ, ಯಾಕೆಂದರೆ ನಂಬಿಕೆ ಮುಗಿದಿತ್ತು. ಆದರೂ ನಮ್ಮ ಮುಂದೆ ನಂಬಿದವನ ಹಾಗೆ ಮಾತಾಡಿದ್ದ.

"ಈ ಹುಡುಗಿಗೂ ಅವರು ಪರೀಕ್ಷಕರಲ್ಲ ಅಂತ ಗೊತ್ತಿತ್ತು," ಅಂದರು. "ಆದ್ರೂ ಪ್ರತಿ ಸಲ ಓಡಿ ಬರ್ತಿದ್ಲು, ಅವರು ಕಾಯ್ತಾರೆ ಅಂತ. ಅದಕ್ಕೇ ಅವಳನ್ನ ಮಹಡಿಗೆ ಕಳಿಸಿದ್ರಿ."

ಕೊನೆಯದು ಲಿಫ್ಟು. ಅದು ಕೆಟ್ಟಿದ್ದು ಸೆವೆರಿನೊ ಇರುವ ಕಟ್ಟಡದಲ್ಲಿ. ಒಳಗೆ ಸಿಕ್ಕಿಕೊಂಡಿದ್ದವನೂ ಅವನೇ, ಕಂಪನಿಯವರೇ ಹೇಳಿದ್ದರು. ಬೀದಿ ಕೊನೆಯ ಔಷಧಿ ಅಂಗಡಿಯವನು ಅವನಿಗೆ ನಿದ್ದೆಯ ಹನಿ ಕೊಡುತ್ತಿದ್ದ.

ಸೆವೆರಿನೊ ಆ ಹೊಸ ಫೋರ್ಕನ್ನು ಮೇಜಿನ ಮೇಲೆ ಸರಿಯಾದ ಜಾಗದಲ್ಲಿಟ್ಟ. ಆಮೇಲೆ ಮಾತಾಡಿದ.

ಲಿಫ್ಟಿನ ಬಾಗಿಲು ತೆರೆದಾಗ ಎದುರಿಗೆ ಎಣ್ಣೆಜಿಡ್ಡಿನ ಅಂಗಿ ತೊಟ್ಟು ನಿಂತಿದ್ದರು ಅವನ ಪರೀಕ್ಷಕರು. ಯಾರಿಗೂ ಹೇಳಬೇಡಿ ಎಂದು ಕೈಹಿಡಿದು ಬೇಡಿದರು. ಹೇಳುವುದಿಲ್ಲ ಅಂದ. ಹೇಳಿದರೆ ಹೋಗುವುದು ಯಾರ ಮಾನ? ಊರಿನ ಹೋಟೆಲುಗಳಲ್ಲೆಲ್ಲ ಅವನ ಮೂಗೇ ನಗೆಪಾಟಲು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ಇವನಿಗೆ ಪಾಲುದಾರಿಕೆಯೂ ಹೋಗುತ್ತಿತ್ತು. ಗುರುವಾರ ಕೋಟು ಇಸಿದುಕೊಳ್ಳುವಾಗ ಕಿವಿಯಲ್ಲಿ ಹೇಳಿದ, ನಮ್ಮೊಳಗೆ ಇನ್ನು ನಾಟಕ ಬೇಡ. ಆಮೇಲೆ ವರ್ಮೂತ್ ತಂದಿಟ್ಟು, ಇದು ನನ್ನ ಕಡೆಯಿಂದ ಅಂದ. ಮುದುಕರು ಒಂದೇ ಗುಟುಕಿಗೆ ಕುಡಿದರು.

"ಸಾಯ್ಲಿ ಅಂತಲ್ಲ," ಅಂದ. "ಮೇಜಿನ ಮೇಲೇ ಗೊರಕೆ ಹೊಡೀಲಿ ಅಂತ. ಎಲ್ಲರೆದುರಿಗೆ ನಾನೇ ಕಳ್ಳನ್ನ ಹಿಡಿದು ಆಚೆ ಹಾಕಿದ ಹಾಗಾಗ್ಲಿ, ನನ್ನ ಮೂಗಿನ ಹೆಸರು ಉಳೀಲಿ ಅಂತ. ಗೊರಕೆಗೆ ಕಾದೆ. ಬರಲೇ ಇಲ್ಲ."

ಮಾಲೀಕ ಅಡುಗೆಮನೆಯ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ.

"ಎರಡು ವರ್ಷ, ಮೇಡಂ," ಸೆವೆರಿನೊನ ದನಿ ಮೊದಲ ಸಲ ಒಡೆಯಿತು. "ಒಬ್ಬ ಲಿಫ್ಟ್ ರಿಪೇರಿಯವನಿಗೆ ಎರಡು ವರ್ಷ ಸೊಂಟ ಬಗ್ಗಿಸಿದೀನಿ."

"ಅವರು ಬರ್ತಿದ್ದಿದ್ದೇ ಅದಕ್ಕೆ," ಅಂದರು ಒರ್ನೆಲ್ಲಾ.

* * *

ಮಣ್ಣು ಮಾಡಲು ನಾವು ಮೂವರೇ. ನೊಯೆಮಿ, ಒರ್ನೆಲ್ಲಾ, ನಾನು. ಎದುರು ಮನೆಯ ಮುದುಕಿಗೆ ಚಳಿಗೆ ಬರಲಾಗಲಿಲ್ಲ. ಪಾದ್ರಿ ಹೆಸರನ್ನು ತಪ್ಪಾಗಿ ಓದಿದರು, ನೊಯೆಮಿ ತಿದ್ದಿದಳು. ಆ ಹೆಸರನ್ನು ಗಟ್ಟಿಯಾಗಿ ಹೇಳಲು ಅವಳೊಬ್ಬಳಾದರೂ ಇದ್ದಳಲ್ಲ ಎಂದು ನನಗೆ ಸಮಾಧಾನವಾಯಿತು. ನನ್ನ ಸರದಿಗೆ ಯಾರಿರುತ್ತಾರೋ ಅಂತಲೂ ಅನ್ನಿಸಿತು. ಅನ್ನಿಸಿದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಸ್ಮಶಾನದ ಗೇಟಿನ ಬಳಿ ಹುಡುಗಿ ನಿಂತಳು.

"ಫೋರ್ಕ್ ಬಿದ್ದಾಗ ಅವರಿಗೆ ಎಚ್ಚರ ಇತ್ತಾ ಮೇಡಂ? ಯಾರೂ ಬರ್ಲಿಲ್ಲ ಅಂತ ಗೊತ್ತಾಗಿರುತ್ತಾ?"

"ಇಲ್ಲಮ್ಮ," ಅಂದರು ಒರ್ನೆಲ್ಲಾ. "ಅಷ್ಟು ಹೊತ್ತಿಗೆ ಗಾಢ ನಿದ್ದೆ. ಡಾಕ್ಟರು ಬರೆದಿದಾರೆ. ಅಲ್ವಾ ಗ್ರಿಬೌದೊ?"

ವರದಿಯನ್ನು ನಾನು ಪೂರ್ತಿ ಓದಿದ್ದೆ. ಡಾಕ್ಟರು ಹಾಗೆ ಎಲ್ಲೂ ಬರೆದಿರಲಿಲ್ಲ.

ಹೌದು, ಬರೆದಿದಾರೆ ಅಂದೆ.