ಕೂಗದೆ ಉಳಿದ ಸೈರನ್

ನವೆಂಬರ್ ಹದಿನೆಂಟು, ಬುಧವಾರ. ಸರೋವರದ ದಡದ ಧಾನ್ಯದ ಕಣಜದ ಕೆಳಗೆ, ಸುರಂಗದಲ್ಲಿ, ಬೆಳಗಿನ ಪಾಳಿಯವರಿಗೆ ಸ್ಟೆಪಾನ್ ಹ್ರಿಂಚುಕ್‌ನ ಹೆಣ ಸಿಕ್ಕಿತು. ಮಧ್ಯಾಹ್ನ ಅವನ ಹೆಂಡತಿ ಒಲೆನಾ ಥಂಡರ್ ಬೇ ಊರಿನ ಪೊಲೀಸ್ ಠಾಣೆಗೆ ಬಂದಳು. ಹೊರಗೆ ಹಿಮ; ಅವಳ ಕಾಲಲ್ಲಿ ಮನೆಯೊಳಗಿನ ಚಪ್ಪಲಿ.

"ಹುಳು ಸಾಯ್ಲಿ ಅಂತ ಧಾನ್ಯಕ್ಕೆ ಬಿಡ್ತಾರಲ್ಲ, ಆ ವಿಷಗಾಳಿಯಂತೆ. ಸೈರನ್ ಕೂಗ್ತಿದ್ರೂ ಒಳಗೆ ಹೋದ, ತಪ್ಪು ಅವನದೇ ಅಂತಾರೆ ಮ್ಯಾನೇಜರು. ಸುಮ್ನೆ ಪರೀಕ್ಷೆಗೆ ಕೂಗಿಸಿದ್ರೂ ನಮ್ಮನೆಯವ್ರು ಊಟ ಬಿಟ್ಟು ಹೊರಗೆ ಓಡೋರು ಮೇಡಂ. ಅಂಜುಬುರುಕ ಅಂತ ಎಲ್ರೂ ನಗ್ತಿದ್ರು. ಮಣ್ಣು ಮಾಡೋದ್ರೊಳಗೆ ಅವ್ರ ಮೇಲಿನ ಈ ಮಾತು ಹೋಗ್ಬೇಕು."

ಇನ್ಸ್‌ಪೆಕ್ಟರ್ ಐಲಿ ಕಂಗಾಸ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಪೆಟ್ರಿಕ್‌ನನ್ನು ಕರೆದುಕೊಂಡು ಹೊರಟಳು. ಪಂಚನಾಮೆಯಲ್ಲಿ ಒಂದು ಸಂಗತಿ ಎದ್ದು ಕಂಡಿತು: ವಿಷಗಾಳಿ ತಡೆಯುವ ಸತ್ತವನ ಮುಖವಾಡ ಮೇಲೆ ಗೂಟದಲ್ಲೇ ನೇತಾಡುತ್ತಿತ್ತು. ಸೈರನ್ ಕೇಳಿದವನು ಅದನ್ನು ಬಿಟ್ಟು ಇಳಿಯುವುದಿಲ್ಲ.

ಗಾಳಿಯಲ್ಲಿ ವಿಷ ಏರಿದೊಡನೆ ಆ ಸೈರನ್ನನ್ನು ಕೂಗಿಸುತ್ತಿದ್ದುದು ಕಣಜದ ಹಳೆಯ ನೌಕರ ರೇಯ್ನೊ ಸಾಲ್ಮೆಲಾ ಎಂಬವನು ಹಿಂದೆ ಯುನಿಕ್ಸ್ ಎಂಬ ಹಳೆಯ ಬಗೆಯ ಕಂಪ್ಯೂಟರ್ ಯಂತ್ರಕ್ಕಾಗಿ ಬರೆದ ಪ್ರೋಗ್ರಾಮು. ಆ ಯಂತ್ರ ಕಳೆದ ತಿಂಗಳು ಗುಜರಿಗೆ ಹೋಗಿತ್ತು. ಹೊಸ ಕಂಪ್ಯೂಟರಿನಲ್ಲಿ ವಿಂಡೋಸ್. ಅದರೊಳಗೇ ಯುನಿಕ್ಸಿನಂತೆ ನಡೆಯುವ ಒಂದು ಕಪ್ಪು ಪರದೆ ತೆರೆದು, ರೇಯ್ನೊ ತನ್ನ ಹಳೆಯ ಪ್ರೋಗ್ರಾಮನ್ನು ಅಲ್ಲಿ ಓಡಿಸುತ್ತಿದ್ದ. ಗಾಳಿಯ ಅಳತೆಯೆಲ್ಲ ದಿನದಿನವೂ ಅಲ್ಲಿ ದಾಖಲಾಗುತ್ತಿತ್ತು. ಮಂಗಳವಾರದ ದಾಖಲೆ ಮಾತ್ರ ಇರಲಿಲ್ಲ.

"ರೀಸೈಕಲ್ ಬಿನ್ ನೋಡಿ ಮೇಡಂ," ಎಂದ ಪೆಟ್ರಿಕ್. "ಒಬ್ರೂ ಖಾಲಿ ಮಾಡಿಲ್ಲ. ಯಾರೋ ಮೀನು ಹಿಡಿದ ಫೋಟೋನೂ ಬಿದ್ದಿದೆ."

"ಮಂಗಳವಾರದ್ದು?"

"ಇಲ್ಲ. ಎಲ್ರೂ ಅಳಿಸೋ ಹಾಗೆ ಅಳಿಸಿದ್ರೆ ಇಲ್ಲಿ ಬೀಳ್ಬೇಕಿತ್ತು. ಕಪ್ಪು ಪರದೇಲಿ ಕೂತು ಯುನಿಕ್ಸ್ ರೀತೀಲಿ ಅಳಿಸಿದ್ರೆ ಬಿನ್‌ಗೆ ಬರೋದೇ ಇಲ್ಲ."

"ಅದು ಯಾರಿಗೆ ಬರುತ್ತೆ?"

"ಸಾಲ್ಮೆಲಾಗೆ. ಉಳಿದವ್ರು ಆ ಪರದೆ ಕಂಡ್ರೆ ವೈರಸ್ಸು ಅಂತ ಬೊಬ್ಬೆ ಹಾಕ್ತಾರೆ."

ರೇಯ್ನೊ ಊಟದ ಕೋಣೆಯಲ್ಲಿ ಆರಿದ ಕಾಫಿಯ ಮುಂದೆ ಕುಳಿತಿದ್ದ. "ಕಂಗಾಸರ ಮಗಳಲ್ವೇನಮ್ಮ ನೀನು?" ಎಂದ.

"ಹೌದು. ನಿನ್ನೆ ಸೈರನ್ ಕೂಗ್ತಾ?"

"ಕೂಗ್ತು."

"ನೀವು ಕೇಳಿದ್ರಾ?"

"ನಾನು ಮನೆಗೆ ಹೋಗಿದ್ದೆ."

"ಮತ್ತೆ ಕೂಗಿದ್ದು ಹೇಗೆ ಗೊತ್ತು?"

ರೇಯ್ನೊ ಕಾಫಿ ಲೋಟವನ್ನು ದೂರ ಸರಿಸಿದ.

"ಹೋಗೋವಾಗ ಆ ಪರದೆ ಏನ್ಮಾಡಿದ್ರಿ?"

"ಮುಚ್ಚಿದೆ," ಎಂದು ಮುದುಕ ಕಣ್ಣೊರೆಸಿಕೊಂಡ. "ಹಳೇ ಯಂತ್ರದಲ್ಲಿ ಪರದೆ ಮುಚ್ಚಿ ಹೋದ್ರೂ ಪ್ರೋಗ್ರಾಮು ಒಳಗೊಳಗೇ ಓಡೋ ಹಾಗೆ ಮಾಡಿಟ್ಟಿದ್ದೆ. ಇಲ್ಲಿ ಮುಚ್ಚಿದ್ರೆ ಅದೂ ನಿಂತು ಹೋಗುತ್ತೆ. ಮುಚ್ಚಬೇಡಿ ಅಂತ ಎಲ್ರಿಗೂ ಹೇಳಿದವನೇ ನಾನು. ಕೈಗೆ ಹಳೇ ಅಭ್ಯಾಸ."

"ಬೆಳಿಗ್ಗೆ?"

"ಎಲ್ರಿಗಿಂತ ಮೊದ್ಲು ಬಂದೆ. ಸ್ಟೆಪಾನನ ಕೋಟು ಇಲ್ಲೇ ನೇತಾಡ್ತಿತ್ತು. ಅವನು ಮನೆಗೆ ಹೋಗಿಲ್ಲ ಅಂತ ಆಗ್ಲೇ ಗೊತ್ತಾಯ್ತು."

"ಸುರಂಗಕ್ಕೆ ಹೋದ್ರಾ?"

"ಇಲ್ಲಮ್ಮ. ಮೊದ್ಲು ಕಂಪ್ಯೂಟರ್ ಹತ್ರ ಹೋದೆ. ನಾನು ಪರದೆ ಮುಚ್ಚಿದ ಹೊತ್ತಿಗೇ ದಾಖಲೆ ನಿಂತಿತ್ತು, ಅದನ್ನ ಅಳಿಸಿದೆ."

ಅವನು ಬೆಳಿಗ್ಗೆ ಬರುವಷ್ಟರಲ್ಲೇ ಸ್ಟೆಪಾನ್ ಸತ್ತು ಬಹಳ ಹೊತ್ತಾಗಿತ್ತೆಂದು ವೈದ್ಯರ ವರದಿ ಹೇಳಿತು. ಆದರೆ ರೇಯ್ನೊಗೆ ಆಗ ಅದು ಗೊತ್ತಿರಲಿಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಮತ್ತು ಸಾಕ್ಷ್ಯ ನಾಶಪಡಿಸಿದ ಆರೋಪದ ಮೇಲೆ ಸಂಜೆ ಅವನನ್ನು ಬಂಧಿಸಲಾಯಿತು. ಬೇಡಿ ತೊಡಿಸುವಾಗ ಪೆಟ್ರಿಕ್ ಅವನ ಮುಖ ನೋಡಲಿಲ್ಲ.

ರೇಯ್ನೊಗೆ ಸ್ಟೆಪಾನನ ಮೇಲೆ ದ್ವೇಷವಿರಲಿಲ್ಲ. ಇಬ್ಬರೂ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದವರು. ಕಂಪನಿ ಅವನ ಪ್ರೋಗ್ರಾಮನ್ನು ತೆಗೆದು ಬೇರೆಯದನ್ನು ತರಲು ಹೊರಟಿತ್ತು. ಮಕ್ಕಳಿಲ್ಲದ ಅವನು ಅದನ್ನು ಉಳಿಸಿಕೊಳ್ಳಲು ಬಾಗಿಲು ಬಾಗಿಲು ಅಲೆದಿದ್ದ. ಅದು ಒಂದು ಸಂಜೆ ಸುಮ್ಮನಿತ್ತೆಂದು ಜನ ತಿಳಿಯುವುದನ್ನು ಅವನ ಮನಸ್ಸು ತಾಳಲಿಲ್ಲ. ಆ ಒಂದು ಗಳಿಗೆಯಲ್ಲಿ ಗೆಳೆಯನಿಗಿಂತ ಅದೇ ದೊಡ್ಡದಾಯಿತು.

ಶನಿವಾರ ಉಕ್ರೇನಿಯನ್ನರ ಇಗರ್ಜಿಯಲ್ಲಿ ಶವಸಂಸ್ಕಾರದ ಪೂಜೆ. ಸತ್ತವನ ತಪ್ಪೇನೂ ಇರಲಿಲ್ಲವೆಂದು ಮ್ಯಾನೇಜರು ಎಲ್ಲರೆದುರು ನಿಂತು ಹೇಳಿದರು. ಒಲೆನಾ ತಲೆಯೆತ್ತಿ ಕೇಳಿದಳು. ಆಮೇಲೆ ಪೆಟ್ಟಿಗೆಯ ಮೇಲೆ ಕೈಯಿಟ್ಟು ಅತ್ತಳು. ಹಿಂದಿನ ಸಾಲಿನಲ್ಲಿದ್ದ ಐಲಿ ಮೊಣಕಾಲೂರಿ ಎಲ್ಲರೊಡನೆ ಪ್ರಾರ್ಥಿಸಿದಳು.

ಕರುಣಾಳು ತಂದೆಯೇ, ನಿನ್ನ ಮಗ ಸ್ಟೆಪಾನನನ್ನು ನೋವಿಲ್ಲದ, ನಿಟ್ಟುಸಿರಿಲ್ಲದ ಬೆಳಕಿನ ತಾಣದಲ್ಲಿ ಸೇರಿಸಿಕೊ. ಅವನ ಆತ್ಮಕ್ಕೆ ಚಿರಶಾಂತಿಯನ್ನು ಕೊಡು.