ಏಂಜೆಲ್ ಮೀನೂ ನಾಲ್ಕು ಕವಡೆಯೂ

"ಮತ್ತೆ ನೀಲಿ!"

ಶ್ಯಾಮಸುಂದರ ಹಾರ್ಲಿಕ್ಸ್ ಬಾಟಲಿಯಲ್ಲಿ ತಂದ ಮೀನಿನ ಟ್ಯಾಂಕಿನ ನೀರಿಗೆ ಅದ್ದಿದ ಪಿ.ಎಚ್. ಕಾಗದವನ್ನು ತುಂಗಾ ಬಿಸಿಲಿಗೆ ಹಿಡಿದಳು. ಬಿ.ಎಸ್ಸಿ. ಕೆಮಿಸ್ಟ್ರಿ ಓದುವ ಎದುರುಮನೆ ಹುಡುಗಿ. ಹುಬ್ಬು ಗಂಟಿಕ್ಕಿದರೆ ಪಕ್ಕಾ ಲೇಡಿ ಇನ್‌ಸ್ಪೆಕ್ಟರ್.

"ಕ್ಷಾರ ಜಾಸ್ತಿ ಕಣ್ರೀ. ಹಳದಿ ಬರೋವರೆಗೂ ನಿಮ್ಮ ಮೀನಿಗೆ ಆಪತ್ತೇ."

ರಾಜಾಜಿನಗರದ ಆ ಬೀದಿಯಲ್ಲಿ ಶ್ಯಾಮಸುಂದರ ಕೀಟಲೆಗೆ ಹೆಸರುವಾಸಿ. ಈಗ ಅವನ ಮುಖ ಸುಟ್ಟ ಬದನೆಕಾಯಿ. ಮೂರು ವಾರದಿಂದ ಏನೆಲ್ಲ ಮಾಡಿದ! ಹೊಸದಾಗಿ ಬಂದ ಕಾವೇರಿ ನೀರನ್ನು ಬೈದು ಮಳೆನೀರು ಹಿಡಿದ. ಒಣಗಿದ ಬಾದಾಮಿ ಎಲೆ ನೆನೆಹಾಕಿದ. ನಿಂಬೆರಸ ತೊಟ್ಟಿಕ್ಕಿಸಿದ. ಇವತ್ತು ಇಳಿದ ಪಿ.ಎಚ್. ನಾಡಿದ್ದಿಗೆ ಮತ್ತೆ ಏರುತ್ತಿತ್ತು. ನಾಲ್ಕು ಏಂಜೆಲ್ ಮೀನುಗಳಲ್ಲಿ ಉಳಿದದ್ದು ಎರಡು.

"ನಾನೇ ಬಂದು ಟ್ಯಾಂಕ್ ನೋಡ್ತೀನಿ ಅಂದ್ರೆ ಬಿಡಲ್ಲ. ಒಳಗೇನು ನಿಧಿ ಇಟ್ಟಿದೀರಾ?"

"ಪ್ರಾಣ ಕೇಳಿ, ಕೊಡ್ತೀನಿ! ಆ ರೂಮಿನ ಬಾಗಿಲು ಮಾತ್ರ ತೆರೆಯಲ್ಲ!" ಎದೆ ತಟ್ಟಿಕೊಂಡ.

"ನಿಮ್ಮ ಪ್ರಾಣ ತಗೊಂಡು ಉಪ್ಪಿನಕಾಯಿ ಹಾಕ್ಲಾ? ನಾಳೆಯಿಂದ ಕಾಗದಾನೂ ಇಲ್ಲ, ಹೋಗಿ."

ಬಾಗಿಲು ಧಡ್ ಎಂದಿತು.

ಮನೆಗೆ ಬಂದರೆ ಒಂದು ಮೀನು ವಾಲಿಕೊಂಡು ಈಜುತ್ತಿತ್ತು. ಇನ್ನೊಂದು ಅದನ್ನು ಬಿಟ್ಟು ಹೋಗಲಾರದೆ ಅಲ್ಲೇ ಸುಳಿಯುತ್ತಿತ್ತು. ಶ್ಯಾಮಸುಂದರನಿಗೆ ತನ್ನ ಮೇಲೇ ಸಿಟ್ಟು ಬಂತು. ಮಾನ ಹೋದರೆ ಹೋಗಲಿ ಎಂದು ಮತ್ತೆ ಎದುರುಮನೆಗೆ ಓಡಿದ.

"ಬನ್ನಿ. ಆದ್ರೆ ಬೈಬೇಡಿ."

ಹಜಾರದಲ್ಲಿ ಸೊಪ್ಪು ಸೋಸುತ್ತಿದ್ದ ಅವನ ಅಮ್ಮ ರಾಮಮ್ಮ, ಒಳಗೆ ಹೋದ ಇಬ್ಬರನ್ನೂ ಓರೆಗಣ್ಣಲ್ಲಿ ನೋಡಿದರು.

ತುಂಗಾ ಟ್ಯಾಂಕಿನ ಮುಂದೆ ಬಗ್ಗಿದಳು. ಮರಳಿನ ಮೇಲೆ ಸಾಲಾಗಿ ನಾಲ್ಕು ಕವಡೆ.

"ಅಯ್ಯೋ! ನಮ್ಮಜ್ಜಿ ಚೌಕಾಬಾರದ ಕವಡೆ! ಬೆಕ್ಕು ನುಂಗ್ತು ಅಂತ ಅಜ್ಜಿ ಅದಕ್ಕೆ ಹಾಲೇ ಹಾಕ್ತಿಲ್ಲ!"

"ಹಬ್ಬದ ದಿನ ತಮಾಷೆಗೆ ಎತ್ಕೊಂಡೆ. ಆಮೇಲೆ... ನಿಮ್ಮ ಕೈಯಲ್ಲಿ ಕುಲುಕಾಡಿದ್ದು. ವಾಪಸ್ ಕೊಡೋಕೆ ಮನಸ್ಸೇ ಬರ್ಲಿಲ್ಲ. ದಿನಾ ನೋಡ್ಬಹುದು ಅಂತ ಇಲ್ಲಿಟ್ಟೆ."



ತುಂಗಾ ಬಳೆ ಮೇಲೇರಿಸಿ ನೀರಿಗೆ ಕೈ ಹಾಕಿ ನಾಲ್ಕೂ ಕವಡೆ ಹೊರತೆಗೆದಳು. ಕಿವಿ ಮಾತ್ರ ಕೆಂಪಾಗಿತ್ತು.

"ಪೆದ್ದು! ಕವಡೆ ಅಂದ್ರೆ ಸುಣ್ಣ ಕಣ್ರೀ. ನೀವು ಹುಳಿ ಹಿಂಡಿದಷ್ಟೂ ಇದು ಕರಗಿ ಪಿ.ಎಚ್. ಏರಿಸಿದೆ. ಮೂರು ವಾರ ಮೀನಿಗೆ ಸುಣ್ಣದ ನೀರು ಕುಡಿಸಿದೀರ!"

ದಿನಾ ಸ್ವಲ್ಪ ಸ್ವಲ್ಪ ನೀರು ಬದಲಾಯಿಸಿದರು. ನಾಲ್ಕನೇ ದಿನ ಕಾಗದ ಹಳದಿಗೆ ತಿರುಗಿತು, ಮೀನು ನೆಟ್ಟಗಾಯಿತು. ತುಂಗಾ ಅವನ ಅಂಗೈಯಲ್ಲಿ ಒಂದು ಕವಡೆ ಇಟ್ಟಳು.

"ಮೂರು ಅಜ್ಜಿಗೆ. ಇದು ನಿಮ್ಗೆ. ನೀರಿಗೆ ಹಾಕ್ಬೇಡಿ."

"ಮೂರರಲ್ಲಿ ಚೌಕಾಬಾರ ಆಡೋಕಾಗುತ್ತಾ?"

"ಆಗಲ್ಲ. ಅದಕ್ಕೇ ಭಾನುವಾರ ತಂದ್ಕೊಡಿ." ದನಿ ತಗ್ಗಿಸಿದಳು. "ಒಬ್ರೇ ಬರ್ಬೇಡಿ. ಅಮ್ಮನ್ನ ಕರ್ಕೊಂಡು ಬನ್ನಿ."

ಅವನು ಬಾಯಿ ತೆರೆಯುವ ಮುಂಚೆಯೇ ಹಜಾರದಿಂದ ರಾಮಮ್ಮನ ದನಿ ಬಂತು:

"ಭಾನುವಾರ ರಾಹುಕಾಲ ಸಂಜೆಗೆ ಕಣೋ. ಬೆಳಿಗ್ಗೇನೇ ಹೋಗೋಣ!"